ಲೊಕೇಶನ್ ಮಾತ್ರ ಕೇಳಬೇಡಿ

ಹಕ್ಕಿ ಮೇಷ್ಟ್ರನ್ನು ಏನು ಬೇಕಾದರೂ ಕೇಳಿ. ಸಂಬಳ ಎಷ್ಟು ಎಂದರೆ ಕಡಿತ ಹೋಗಿ ಕೈಗೆ ಬರುವುದನ್ನೂ ಸೇರಿಸಿ ಹೇಳುತ್ತಾರೆ. ಲೆನ್ಸಿಗೆ ಎಷ್ಟು ಬಿತ್ತು ಎಂದರೆ ಅತ್ತಿತ್ತ ನೋಡಿ, ಮನೆಯಲ್ಲಿ ಹೇಳಿದ ರೇಟು ಒಂದು, ನಿಜವಾದ ರೇಟು ಇನ್ನೊಂದು, ಎರಡನ್ನೂ ಒಪ್ಪಿಸುತ್ತಾರೆ. ಆದರೆ ಈ ಹಕ್ಕಿ ಎಲ್ಲಿ ಸಿಕ್ತು ಸಾರ್ ಎಂದು ಮಾತ್ರ ಕೇಳಬೇಡಿ. ‘ಇಲ್ಲೇ, ಆ ಕಡೆ’ ಎಂದು ಕೈ ಎತ್ತುತ್ತಾರೆ. ಆ ಕೈ ಆನವಟ್ಟಿಯಿಂದ ಶಿರಾಳಕೊಪ್ಪದವರೆಗೆ ನಿಧಾನವಾಗಿ ತಿರುಗಿ, ಎಲ್ಲೂ ನಿಲ್ಲದೆ ಜೇಬಿಗೆ ಹೋಗುತ್ತದೆ.

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ಈಗ ಇಂಥವರಿಗೆ ಬರವಿಲ್ಲ. ಮೇಷ್ಟ್ರು ಎಂದರೆ ಶಾಲೆಯವರೇ ಆಗಬೇಕಿಲ್ಲ. ಸೊಸೈಟಿ ಗುಮಾಸ್ತರೋ, ಎಲ್‌ಐಸಿ ಏಜೆಂಟರೋ, ಔಷಧಿ ಅಂಗಡಿಯವರೋ ಇರಬಹುದು; ಕುತ್ತಿಗೆಗೆ 150–600ರ ಲೆನ್ಸು ಬಿದ್ದ ದಿನದಿಂದ ಊರೇ ಅವರನ್ನು ಮೇಷ್ಟ್ರು ಮಾಡಿಬಿಡುತ್ತದೆ. ಮೈಮೇಲೆ ಎಲೆ ಚಿತ್ತಾರದ ಮಿಲಿಟರಿ ಅಂಗಿ. ಹಕ್ಕಿಯ ಕಣ್ಣಿಗೆ ಬೀಳಬಾರದೆಂದು ತೊಟ್ಟದ್ದು. ಹಕ್ಕಿಯ ಮಾತು ಗೊತ್ತಿಲ್ಲ, ಊರ ನಾಯಿಗಳ ಕಣ್ಣಿಗಂತೂ ಒಂದು ಫರ್ಲಾಂಗಿನಿಂದಲೇ ಬೀಳುತ್ತದೆ. ಗದ್ದೆಯ ಬದುವಿನ ಮೇಲೆ ಟ್ರೈಪಾಡ್ ಊರಿದರೆ ಸಾಕು, ‘ಸರ್ವೆಗೆ ಬಂದ್ರಾ? ರಸ್ತೆಗೆ ಎಷ್ಟು ಅಡಿ ಹೋಗ್ತದೆ?’ ಎಂದು ರೈತರು ಸುತ್ತಿಕೊಳ್ಳುತ್ತಾರೆ. ಪರಿಹಾರ ಎಕರೆಗೆ ಎಷ್ಟು ಎಂದು ಗೊತ್ತಾಗುವವರೆಗೆ ಬಿಡುವುದಿಲ್ಲ. ಅಷ್ಟರಲ್ಲಿ ಹಕ್ಕಿ ಪಕ್ಕದ ಪಂಚಾಯ್ತಿಗೆ ಹೋಗಿರುತ್ತದೆ.

ಮಳೆಗಾಲ ಬಂತೆಂದರೆ ಮೇಷ್ಟ್ರಿಗೆ ಒಂದು ಥರದ ಸಂಕಟ. ಕಾರಣ ಗುಡವಿ. ಸೊರಬದಿಂದ ಸುಮಾರು 16 ಕಿಲೋಮೀಟರ್ ದೂರದ, 1989ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದ ಕೆರೆ. ಜೂನ್ ಮಳೆ ಹಿಡಿದ ಮೇಲೆ ಬಿಳಿ ಕೆಂಬರಲು, ಹಾವಕ್ಕಿ, ನೀರುಕಾಗೆ, ಬೆಳ್ಳಕ್ಕಿಗಳು ದಂಡುದಂಡಾಗಿ ಬಂದು ನೀರಲ್ಲಿ ನಿಂತ ಮರಗಳ ಮೇಲೆ ಸಂಸಾರ ಹೂಡುತ್ತವೆ. ದಾರಿ ತೋರಿಸುವ ಬೋರ್ಡಿದೆ, ಹತ್ತಿ ನೋಡಲು ವೀಕ್ಷಣಾ ಗೋಪುರವಿದೆ, ಶಾಲೆಯ ಮಕ್ಕಳೂ ನೋಡುತ್ತಾರೆ. ಇದೇ ತಕರಾರು. ಬೋರ್ಡು ಹಾಕಿದ ಜಾಗದ ಹಕ್ಕಿಯಲ್ಲಿ ಗುಟ್ಟೆಂಬುದು ಏನು ಉಳಿಯಿತು? ಗುಡವಿಯೆಂದರೆ ‘ಹಾಂ, ಅಲ್ಲಿ ಎಲ್ರೂ ತೆಗೀತಾರೆ’ ಎಂದು ಮೂಗು ಮುರಿಯುತ್ತಾರೆ. ಆಗಸ್ಟಿನ ಭಾನುವಾರಗಳಲ್ಲಿ ಗೋಪುರದ ಮೇಲೆ ಕಾಣಿಸುವ ಮಿಲಿಟರಿ ಅಂಗಿಯೂ ಅವರದೇ.

ಇನ್ನೊಂದು ತೊಡಕಿದೆ. ಗೂಡಿನ ಫೋಟೋ ತೆಗೆಯಬಾರದು, ತಾಯಿಹಕ್ಕಿ ಬೆದರಿ ಮರಿ ಬಿಟ್ಟು ಹೋದೀತು ಎಂಬುದು ಹಕ್ಕಿ ಬಲ್ಲವರು ಪಾಲಿಸುವ ಒಳ್ಳೆಯ ನಿಯಮ. ಮೇಷ್ಟ್ರು ಅದನ್ನು ವಾಟ್ಸ್ಯಾಪ್ ಗುಂಪಿನಲ್ಲಿ ಆಗಾಗ ಹಾಕಿ ಹೊಸಬರಿಗೆ ಬುದ್ಧಿ ಹೇಳುವುದುಂಟು. ಆದರೆ ಗುಡವಿಯಲ್ಲಿ ಗೂಡು ಬಿಟ್ಟರೆ ಇನ್ನೇನಿದೆ? ಹಾಗಾಗಿ ‘ಗೂಡು ಫ್ರೇಮಿನೊಳಗೆ ಬಂತು, ನಾನು ತೆಗೆದದ್ದಲ್ಲ’ ಎಂಬ ಉಪನಿಯಮ ಹುಟ್ಟಿದೆ. ಹಾವಕ್ಕಿಯ ಮರಿ ಅಮ್ಮನ ಗಂಟಲೊಳಗೆ ಕೊರಳುಮಟ್ಟ ತಲೆ ತೂರಿಸಿ ಮೀನು ಎಳೆದು ತಿನ್ನುತ್ತದೆ. ಅಮ್ಮ ಕಣ್ಣು ಮೇಲೆ ಮಾಡಿ, ಕತ್ತು ಸೆಟೆಸಿ, ಯಾವಾಗ ಮುಗಿಯುತ್ತದಪ್ಪ ಎಂದು ಕಾಯುತ್ತಿರುತ್ತದೆ. ನೋಡಬೇಕಾದ ದೃಶ್ಯವೇ. ಮೇಷ್ಟ್ರ ಕಾರ್ಡಿನಲ್ಲಿ ಇದರ ನೂರಾರು ಪಟಗಳಿವೆ. ಮೋಡದ ಬೆಳಕಿಗೆ ಐಎಸ್‌ಒ 6400ಕ್ಕೆ ಏರಿಸಿದ್ದರಿಂದ ಎಲ್ಲದರ ಮೇಲೂ ರವೆ ಚೆಲ್ಲಿದ ಹಾಗಿದೆ. ಅದಕ್ಕೆ ಅವರು ‘ಮಾನ್ಸೂನ್ ಮೂಡ್’ ಎಂದು ಹೆಸರಿಟ್ಟಿದ್ದಾರೆ.

ಭತ್ತದ ಕೊಯ್ಲು ಮುಗಿದರೆ ನೀಲಕಂಠನ ಸರದಿ. ರಾಜ್ಯಪಕ್ಷಿ ಎಂಬ ಬಿಂಕವಿಲ್ಲದೆ ಅಂಜನಾಪುರದ ಕಡೆ ಗದ್ದೆಬಯಲಿನ ಕೆಇಬಿ ತಂತಿಯ ಮೇಲೆ ಕೂತಿರುತ್ತದೆ. ಆದರೆ ತಂತಿ ಬಂದರೆ ಪಟ ಕೆಟ್ಟಿತು ಎಂಬುದು ಮೇಷ್ಟ್ರ ನಂಬಿಕೆ. ರಾತ್ರಿ ಕೂತು ಕಂಪ್ಯೂಟರಿನಲ್ಲಿ ತಂತಿ ಅಳಿಸುತ್ತಾರೆ. ಈಗ ಅವರ ನೀಲಕಂಠ ಆಕಾಶದ ನಡುವೆ, ಕಾಲು ಮಡಚಿ, ಯಾವ ಆಧಾರವೂ ಇಲ್ಲದೆ ಕೂತಿದೆ. ಕೆಳಗೆ ಅಡಿಬರಹ: ‘ಪಶ್ಚಿಮ ಘಟ್ಟ’. ಶಿಕಾರಿಪುರದ ಭತ್ತದ ಗದ್ದೆಗೆ ಇಂಥ ಬಡ್ತಿ ಬೇರೆ ಯಾರೂ ಕೊಟ್ಟಿರಲಿಕ್ಕಿಲ್ಲ.

ಗುಟ್ಟಿಲ್ಲದ, ಹಾರಿಹೋಗದ ಹಕ್ಕಿಯೂ ಒಂದಿದೆ: ಬಳ್ಳಿಗಾವಿಯಲ್ಲಿ, 11ನೆಯ ಶತಮಾನದ ಕಂಬದ ತುದಿಯ ಗಂಡಭೇರುಂಡ. ಮಗಳ ಒತ್ತಾಯಕ್ಕೆ ಒಮ್ಮೆ ಅದನ್ನೂ ತೆಗೆದರು. ‘ಹಕ್ಕಿಯ ಕಣ್ಣು ಶಾರ್ಪ್ ಇರಬೇಕು, ಉಳಿದದ್ದು ಹೇಗಿದ್ದರೂ ನಡೆದೀತು’ ಎಂಬುದು ಅವರ ಮೂಲಮಂತ್ರ. ಮೈ ಮನುಷ್ಯನದು, ತಲೆ ಎರಡು. ಯಾವ ತಲೆಯ ಕಣ್ಣಿಗೆ ಫೋಕಸ್ ಮಾಡುವುದೆಂದು ತಿಳಿಯದೆ ಕಂಬವನ್ನು ಪ್ರದಕ್ಷಿಣೆ ಹಾಕಿದರು. ಊರವರು ಹರಕೆ ಎಂದುಕೊಂಡರು.

ಆದರೆ ಮೇಷ್ಟ್ರ ಜೀವವಿರುವುದು ನವರಂಗದಲ್ಲಿ, ಇಂಗ್ಲಿಷಿನವರ ಪಿಟ್ಟಾದಲ್ಲಿ. ಹಸಿರು ಬೆನ್ನು, ಕೆಂಪು ಕಿಬ್ಬೊಟ್ಟೆ, ಮೋಟುಬಾಲ. ಹಿಮಾಲಯದ ತಪ್ಪಲು, ಮಧ್ಯಭಾರತದ ಕಡೆ ಮರಿ ಮಾಡಿ ಚಳಿಗಾಲಕ್ಕೆ ಇತ್ತ ಬರುವ ಹಕ್ಕಿ. ಬಂದಮೇಲೆ ಯಾರಿಗೂ ಮುಖ ತೋರಿಸದೆ ತರಗೆಲೆ ಕೆದಕುತ್ತಿರುತ್ತದೆ. ಸೊರಬದ ಆಚೆ ಒಂದು ತೋಟದಂಚಿನಲ್ಲಿ ಅದು ಕಂಡದ್ದೇ ಮೇಷ್ಟ್ರು ಹೆಂಡತಿಗೂ ಹೇಳಲಿಲ್ಲ. ಮೊಬೈಲಿನ ಜಿಪಿಎಸ್ ಆರಿಸಿ, ಬೈಕನ್ನು ಒಂದು ಮೈಲಿ ದೂರದಲ್ಲಿ ನಿಲ್ಲಿಸಿ, ತರಗೆಲೆಯ ಮೇಲೆ ಹೊಟ್ಟೆ ಎಳೆಯುತ್ತ ಹೋದರು. ತಲೆ ಎತ್ತಿದರೆ ಎದುರಿಗೆ ಮನೆಯ ಅಜ್ಜಿ, ಕೈಯಲ್ಲಿ ಪಾತ್ರೆ ತೊಳೆದ ನೀರು.

‘ಡೆಪಾ ಎಣ್ಣೆ ಹಚ್ಚಿಕೊಂಡಿದೀಯನಾ ತಮ್ಮಾ?’

ಅಜ್ಜಿಯ ಮೊದಲ ಪ್ರಶ್ನೆ ಅದು. ತಪ್ಪೇನಿಲ್ಲ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಇದೇ ಸೊರಬ ತಾಲ್ಲೂಕಿನದು; ಇಂಗ್ಲಿಷಿನಲ್ಲಿ ಆ ಕಾಯಿಲೆಗೆ ಇಂದಿಗೂ ಆ ಕಾಡಿನದೇ ಹೆಸರು. ಚಳಿ ಕಳೆದು ಬಿಸಿಲೇರುವ ತಿಂಗಳುಗಳಲ್ಲಿ ಅದನ್ನು ಹರಡುವ ತರಗೆಲೆಯ ಉಣುಗು ಎಂದರೆ ಇಲ್ಲಿ ಯಾರೂ ಹುಡುಗಾಟ ಮಾಡುವುದಿಲ್ಲ. ವಾಸನೆಗೆ ಹಕ್ಕಿ ಹಾರೀತೆಂದು, ಉಣುಗು ಹತ್ತದಂತೆ ಹಚ್ಚುವ ಆ ಎಣ್ಣೆ ಬಿಟ್ಟುಬಂದಿದ್ದ ಮೇಷ್ಟ್ರು ತಡವರಿಸಿದರು. ಅಜ್ಜಿ ಒಳಗಿನಿಂದ ಬಾಟಲಿ ತಂದು, ನಿಲ್ಲಿಸಿ, ಕೈಕಾಲಿಗೆ ಹಚ್ಚಿಸಿಕೊಳ್ಳುವವರೆಗೆ ಬಿಡಲಿಲ್ಲ. ಆಮೇಲೆ ವಿಷಯ ಕೇಳಿ ನಕ್ಕಳು.

‘ಆ ಮೋಟುಬಾಲದ್ದಾ? ಅದಕ್ಕೆ ಹಿಂಗೆ ಹೊಟ್ಟೆ ಎಳೀತಾ ಬರಬೇಕನಾ? ದಿನಾ ಬೈಗಿಗೆ ಇಲ್ಲೇ ಕೂಗ್ತದೆ. ಈ ನೀರು ಚೆಲ್ಲೋ ಜಾಗಕ್ಕೆ ಹುಳ ಹೆಕ್ಕಕ್ಕೆ ಬರ್ತದೆ. ಕೂತ್ಕ, ಚಾ ಕುಡಿ.’

ಚಾ ಮುಗಿಯುವುದರೊಳಗೆ ನವರಂಗ ಬಂತು, ಕೂತಿತು, ಕೂಗಿತು. ಪಟ ಸಿಕ್ಕಿತು. ‘ಇದು ಬಹಳ ಅಪರೂಪದ ಹಕ್ಕಿ ಅಜ್ಜಿ, ಯಾರಿಗೂ ಹೇಳಬೇಡಿ’ ಎಂದು ಮೇಷ್ಟ್ರು ಕೈ ಮುಗಿದರು. ಅಜ್ಜಿಗೆ ‘ಅಪರೂಪ’ ಎಂಬುದು ಮಾತ್ರ ಕಿವಿಗೆ ಬಿತ್ತು.

ಮುಂದಿನ ಭಾನುವಾರ ಅಂಗಳದಲ್ಲಿ ಬೆಂಗಳೂರು ನಂಬರಿನ ಕಾರುಗಳು. ಜಗಲಿಯ ತುಂಬ ಮಿಲಿಟರಿ ಅಂಗಿಗಳು, ಎಲ್ಲರ ಕಾಲಲ್ಲೂ ಎಣ್ಣೆಯ ಹೊಳಪು. ಅಜ್ಜಿ ಸರದಿ ಪ್ರಕಾರ ಒಬ್ಬೊಬ್ಬರನ್ನೇ ನೀರು ಚೆಲ್ಲುವ ಜಾಗಕ್ಕೆ ಬಿಡುತ್ತಿದ್ದಾಳೆ. ಗೇಟಿನಲ್ಲಿ ಮೇಷ್ಟ್ರನ್ನು ಕಂಡ ಒಬ್ಬ, ‘ಸಾರ್, ನೀವೂ ಪಿಟ್ಟಾಕ್ಕಾ?’ ಎಂದ.

‘ಪಿಟ್ಟಾನಾ? ಅದೇನದು?’ ಎಂದರು ಮೇಷ್ಟ್ರು, ಕುತ್ತಿಗೆಯ ಲೆನ್ಸನ್ನು ಬೆನ್ನಿಗೆ ತಳ್ಳುತ್ತ. ‘ನಾನು ಅಡಿಕೆ ಫಸಲು ಚೇಣಿಗೆ ಕೇಳೋಕೆ ಬಂದವನು.’

‘ಈಗೆಂಥಾ ಚೇಣಿನಾ ತಮ್ಮಾ?’ ಜಗಲಿಯಿಂದ ಅಜ್ಜಿಯ ದನಿ ಬಂತು. ‘ಕೊನೆ ಕೊಯ್ದು ತಿಂಗಳಾತು. ಬಾ, ನಿಂದು ಐದನೇ ನಂಬರು.’