ಈ ಚೆಂಡು ಯಾರದ್ರೀ?

ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಾಂಪೌಂಡಿನ ಬಳಿ ಹೋಗಿ ನಿಲ್ಲುವುದು ನನ್ನ ಹಳೆಯ ಚಾಳಿ. ಎದೆಮಟ್ಟದ ಗೋಡೆ. ಆ ಕಡೆ ವಕೀಲರು, ಈ ಕಡೆ ನಾನು, ನಡುವೆ ಅವರ ಕರಿಬೇವಿನ ಗಿಡ. ಬೇರು ಅವರದು, ಸೊಪ್ಪು ಹೆಚ್ಚುಕಮ್ಮಿ ನಮ್ಮದು. ಇಪ್ಪತ್ತು ವರ್ಷದಲ್ಲಿ ಈ ಬಗ್ಗೆ ಒಂದು ನೋಟೀಸೂ ಬಂದಿಲ್ಲ.

“ಏನ್ ಮೇಷ್ಟ್ರೇ, ಕಾರಿಗೆ ಪಂಚೆ ಉಡಿಸಿದ್ದೀರಿ?”

ಪಂಚೆ ಎತ್ತಿ ತೋರಿಸಿದೆ. ಮುಂಗಾಜಿನ ನಟ್ಟನಡುವೆ ಜೇಡ ಬಲೆ ಕಟ್ಟಿದ ಹಾಗೆ ಬಿರುಕು. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪೊರೆ ಇರುವುದರಿಂದ ಚೂರಾಗಿ ಮುಖಕ್ಕೆ ಬರಲಿಲ್ಲ, ನನ್ನ ಪುಣ್ಯ. ಜೇಬಿನಿಂದ ಚೆಂಡು ತೆಗೆದು ಗೋಡೆಯ ಮೇಲಿಟ್ಟೆ. ನಿಂಬೆಹಣ್ಣಿನ ಗಾತ್ರ, ಮೈತುಂಬ ಗುಳಿ, ಒಂದು ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಮೂರು ಚುಕ್ಕಿ.

“ಗಾಲ್ಫಾ!” ಅಂದರು ವಕೀಲರು. ಯಾರದೋ ಮನೆಯಲ್ಲಿ ಆಸ್ತಿ ಪಾಲಿನ ಜಗಳ ಎದ್ದಿದೆ ಅಂತ ಕೇಳಿದಾಗ ಬರುವ ಕಳೆ ಮುಖಕ್ಕೆ ಬಂತು.

ಯಾವ ಮೈದಾನ, ಯಾವ ರಸ್ತೆ ಅಂತ ಇಲ್ಲಿ ಬರೆಯುವ ಹಾಗಿಲ್ಲ, ಅದು ಅವರದೇ ತಾಕೀತು. ಬೇಲಿ ಪಕ್ಕದ ರಸ್ತೆಯಲ್ಲಿ ನಿಧಾನಕ್ಕೆ ಹೋಗುತ್ತಿದ್ದೆ, ಫಟಾರ್ ಅಂತು, ಅಷ್ಟೇ. ಮೊದಲು ತೆಂಗಿನಕಾಯಿ ಅಂದುಕೊಂಡೆ. ಆಮೇಲೆ ನೋಡಿದರೆ ಹತ್ತಿರದಲ್ಲಿ ತೆಂಗಿನಮರವೇ ಇಲ್ಲ. ಚೆಂಡು ಚರಂಡಿ ಪಕ್ಕ ಕೂತಿತ್ತು, ಏನೂ ಅರಿಯದ ಹಾಗೆ.

ಮೊಮ್ಮಗ ಸಂಜೆ ಪಾಠ ಮಾಡಿದ. ನಿಯಮದ ಪ್ರಕಾರ ಚೆಂಡು 45.93 ಗ್ರಾಂ ಮೀರುವಂತಿಲ್ಲವಂತೆ. ಒಂದು ಕೋಳಿಮೊಟ್ಟೆಯಷ್ಟೂ ತೂಕವಿಲ್ಲ. ಆದರೆ ಪಳಗಿದ ಕೈ ಬೀಸಿದರೆ ಗಂಟೆಗೆ 250 ಕಿಲೋಮೀಟರ್ ದಾಟುತ್ತದಂತೆ. ಆ ಗುಳಿಗಳು ಅಂದಕ್ಕಲ್ಲ, ಗಾಳಿಯ ಎಳೆತ ತಗ್ಗಿಸಲಿಕ್ಕೆ. ನುಣ್ಣಗಿನ ಚೆಂಡಾಗಿದ್ದರೆ ಇದರ ಅರ್ಧ ದೂರಕ್ಕೇ ಬೀಳುತ್ತಿತ್ತಂತೆ. ಅಂದರೆ ನನ್ನ ಗಾಜು ಉಳಿಯುತ್ತಿತ್ತು!

“ಕ್ಲಬ್ಬಿಗೆ ಹೋಗಿದ್ರಾ?”

ಹೋಗಿದ್ದೆ. ಗೇಟಿನವನು ಒಳಗೆ ಬರುವ ಕಾರುಗಳಿಗೆಲ್ಲ ಸಲಾಂ ಹೊಡೆಯುತ್ತಿದ್ದ. ನಡೆದು ಬಂದ ನನ್ನನ್ನು ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಅರ್ಧ ಗಂಟೆ ನಿಲ್ಲಿಸಿದ. ಆಮೇಲೆ ಟೈ ಕಟ್ಟಿದ ಹುಡುಗನೊಬ್ಬ ಬಂದ. ಬಹಳ ಮರ್ಯಾದಸ್ಥ. “ಯಾರು ಹೊಡೆದದ್ದು ಅಂತ ಗೊತ್ತಾ ಸಾರ್?” ಅಂದ. ಮೂರು ಚುಕ್ಕಿ ತೋರಿಸಿದೆ. “ತುಂಬಾ ಜನ ಚುಕ್ಕಿ ಹಾಕ್ತಾರೆ ಸಾರ್” ಅಂತ ಗೋಡೆಯ ಬೋರ್ಡಿನ ಕಡೆ ಕೈ ತೋರಿಸಿದ. ವಾಹನಗಳಿಗಾಗುವ ಹಾನಿಗೆ ಆಡಳಿತ ಮಂಡಳಿ ಹೊಣೆಯಲ್ಲ.

“ಆ ಬೋರ್ಡು ಒಳಗೆ ನಿಲ್ಲಿಸೋ ಕಾರಿಗೆ ರೀ. ನೀವಿದ್ದದ್ದು ಸರ್ಕಾರಿ ರಸ್ತೇಲಿ” ಅಂದರು ವಕೀಲರು. “ಇನ್ಶೂರೆನ್ಸ್?”

ಅದನ್ನೂ ಕೇಳಿಯಾಗಿತ್ತು. ಹೊಸ ಗಾಜಿಗೆ 4,800 ರೂಪಾಯಿ ಅಂದಿದ್ದ ಗ್ಯಾರೇಜಿನವನು. ಗಾಜಿಗೆ ಸವಕಳಿ ಹಿಡಿಯೋದಿಲ್ಲ ಅಂತ ಏಜೆಂಟ್ ಹೇಳಿದಾಗ ಖುಷಿಯಾಗಿತ್ತು. ಸಣ್ಣ ಕಾರಾದ್ದರಿಂದ ನನ್ನ ಕೈಯಿಂದ 1,000 ಹೋಗಿ 3,800 ಬರಬೇಕು. ಆದರೆ ಕ್ಲೇಮ್ ಹಾಕಿದ ಕ್ಷಣಕ್ಕೆ, ಇಷ್ಟು ವರ್ಷ ಜೋಪಾನವಾಗಿ ಓಡಿಸಿ ಗಳಿಸಿದ ಶೇಕಡಾ 50 ನೋ ಕ್ಲೇಮ್ ಬೋನಸ್ಸು ಸೊನ್ನೆಗಿಳಿಯುತ್ತದೆ. ಮತ್ತೆ 20, 25, 35, 45 ಅಂತ ಮೆಟ್ಟಿಲು ಹತ್ತಿ 50ಕ್ಕೆ ಮುಟ್ಟಲು ಐದು ವರ್ಷ. ಕಾರಿನ ಸ್ವಂತ ಹಾನಿಯ ಪ್ರೀಮಿಯಂ ನನ್ನದು ಬೋನಸ್ ಕಳೆಯುವ ಮುಂಚೆ 4,000. ಅದು ಹೀಗೇ ಇರುತ್ತದೆ ಅಂತ ಹಿಡಿದು ಕ್ಯಾಲೆಂಡರಿನ ಹಿಂದೆ ಕೂಡಿದೆ: 2,000, 1,200, 1,000, 600, 200. ಒಟ್ಟು 5,000. 3,800 ಇಸಕೊಳ್ಳೋಕೆ 5,000 ಕೊಡುವುದು! ಮೂವತ್ತೆರಡು ವರ್ಷ ಹುಡುಗರಿಗೆ ಲೆಕ್ಕ ಹೇಳಿಕೊಟ್ಟವನು ನಾನು. ಬೋನಸ್ ಕಾಯುವ ಬೇರೆ ಕವರ್ ಒಂದಿದೆಯಂತೆ, ಆದರೆ ಅದನ್ನು ಚೆಂಡು ಬೀಳುವ ಮುಂಚೆ ತಗೋಬೇಕಿತ್ತು.

ವಕೀಲರು ಲೋಟ ಕೆಳಗಿಟ್ಟರು. ಇನ್ನು ತಿಂಡಿ ತಡವಾಗುತ್ತದೆ ಅಂತ ಅರ್ಥ.

“ಕೇಳಿ. ಇಂಗ್ಲೆಂಡಿನ ಕೆಂಟ್‌ನಲ್ಲಿ ಥೇಟ್ ನಿಮ್ಮದೇ ಕಥೆ. ಗಾಲ್ಫ್ ಮೈದಾನದ ಪಕ್ಕದ ರಸ್ತೇಲಿ ಟ್ಯಾಕ್ಸಿ ಹೋಗ್ತಿತ್ತು, ಚೆಂಡು ಬಂದು ಗಾಜಿಗೆ ಹೊಡೀತು, ಚೂರು ಸಿಡಿದು ಪಾಪ ಡ್ರೈವರಿನ ಒಂದು ಕಣ್ಣೇ ಹೋಯ್ತು. ಅಲ್ಲಿ ಚೆಂಡು ರಸ್ತೆಗೆ ಬರೋದು ಮಾಮೂಲಾಗಿತ್ತು. 1922ರಲ್ಲಿ ಆಟಗಾರನೂ ಹೊಣೆ, ಕ್ಲಬ್ಬೂ ಹೊಣೆ ಅಂತ ತೀರ್ಪಾಯ್ತು. ಜಡ್ಜ್ ಹೆಸರು ಸ್ಯಾಂಕಿ.”

“ನಮ್ಮ ಸ್ಯಾಂಕಿ ಕೆರೆ ಸ್ಯಾಂಕಿನಾ?”

“ಆತ ಇಂಜಿನಿಯರು ಮೇಷ್ಟ್ರೇ, ಕೆರೆ ಕಟ್ಟಿಸಿದ್ದು 1882ರಲ್ಲಿ. ಇವನು ಬೇರೆ.”

ನನಗೆ ಯಾಕೋ ಇಬ್ಬರೂ ಒಬ್ಬನೇ ಆಗಿದ್ದರೆ ಕೇಸು ಗಟ್ಟಿಯಾಗುತ್ತಿತ್ತು ಅನ್ನಿಸಿತು.

“ಹಾಗಾದ್ರೆ ಗೆದ್ದ ಹಾಗೇ!”

“ತಡೀರಿ. 1951ರದು ಇನ್ನೊಂದಿದೆ. ಅದು ಕ್ರಿಕೆಟ್. ಮ್ಯಾಂಚೆಸ್ಟರಿನಲ್ಲಿ ಮನೆ ಮುಂದೆ ರಸ್ತೇಲಿ ನಿಂತಿದ್ದ ಹೆಂಗಸಿಗೆ ಸಿಕ್ಸರ್ ಬಂದು ಬಡೀತು. ಅವರ ಹೆಸರು ಸ್ಟೋನ್. ಕಡೇಗೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋತರು. ಯಾಕೆ? ಸುಮಾರು ಮೂವತ್ತು ವರ್ಷದಲ್ಲಿ ಚೆಂಡು ರಸ್ತೆಗೆ ಬಂದಿದ್ದೇ ಒಂದಾರು ಸಲ. ಅಷ್ಟು ಅಪರೂಪಕ್ಕೆಲ್ಲ ಕ್ಲಬ್ಬು ಹೊಣೆ ಅಲ್ಲ ಅಂದ್ರು. ಈಗ ನೀವು ಹೇಳಿ, ಅಲ್ಲಿ ಚೆಂಡು ಎಷ್ಟು ಸಲ ಬೀಳುತ್ತೆ? ಸಾಕ್ಷಿ ತನ್ನಿ. ಮೂರು ವರ್ಷ ಟೈಮಿದೆ.”

ಮೂರು ವರ್ಷ ಯಾಕೆ, ಅವತ್ತೇ ಸಂಜೆ ಹೋದೆ. ನಮ್ಮವಳು “4,800 ರೂಪಾಯಿಗೆ ಎಷ್ಟು ಪೆಟ್ರೋಲು ಸುಡ್ತೀರಿ?” ಅಂದಳು. ದುಡ್ಡಿನ ಮಾತಲ್ಲ ಕಣೇ ಅಂದೆ. ನಿಜಕ್ಕೂ ಅಲ್ಲ. ನಮ್ಮ ಬೀದಿಯ ಹುಡುಗರು ಕಿಟಕಿ ಗಾಜು ಒಡೆದರೆ ಎಲ್ಲರೂ ಓಡುತ್ತಾರೆ, ಆದರೆ ಹತ್ತು ನಿಮಿಷಕ್ಕೆ ಒಬ್ಬ ಬಾಗಿಲಿಗೆ ಬಂದು ನೆಲ ನೋಡುತ್ತ “ಅಂಕಲ್, ಬಾಲು” ಅನ್ನುತ್ತಾನೆ. ನಾಲ್ಕು ಬೈದು ಕೊಟ್ಟುಬಿಡುತ್ತೇನೆ, ಲೆಕ್ಕ ಚುಕ್ತಾ. ಈ ಮೂರು ಚುಕ್ಕಿಯ ಮಹಾನುಭಾವ ಚೆಂಡು ಕೇಳಲೂ ಬರಲಿಲ್ಲವಲ್ಲ! ಬೇಲಿಯಾಚೆ ಹೋದದ್ದು ಹೋಯಿತು ಅಂತ ಜೇಬಿನಿಂದ ಇನ್ನೊಂದು ತೆಗೆದು ಆಟ ಮುಂದುವರಿಸಿದನೇ?

ಬೇಲಿಯ ಪಕ್ಕ ಒಂದು ಪಂಕ್ಚರ್ ಅಂಗಡಿ. ಟ್ಯೂಬು ಮುಳುಗಿಸುವ ಬೋಗುಣಿಯ ಪಕ್ಕ ಒಂದು ಬಕೆಟ್ಟು, ಬಕೆಟ್ಟಿನ ತುಂಬ ಗಾಲ್ಫ್ ಚೆಂಡು. ಎದೆ ಡವಗುಟ್ಟಿತು.

“ಇವೆಲ್ಲ ಎಲ್ಲಿಂದ ಬಂದವಪ್ಪ?”

“ಬೇಲಿ ಹಾರಿ ಬರ್ತಾವಲ್ಲ ಸಾರ್. ಶನಿವಾರ ಭಾನುವಾರ ಜಾಸ್ತಿ. ತೊಳೆದು ಮಾರ್ತೀನಿ, ಆಡೋರೇ ಬಂದು ತಗೋತಾರೆ.”

ಬಕೆಟ್ಟೇ ಸಾಕ್ಷಿ, ಇವನೇ ಸಾಕ್ಷಿದಾರ! ವಿಷಯ ಹೇಳಿ, ಕೋರ್ಟಿಗೆ ಬಂದು ಇಷ್ಟೇ ಒಂದು ಮಾತು ಹೇಳಪ್ಪ ಅಂದೆ. ಅವನು ಗ್ರೀಸಿನ ಕೈ ಒರೆಸಿಕೊಂಡ.

“ನಾನು ಹೇಳ್ತೀನಿ ಸಾರ್, ಅವರು ಎತ್ತರಕ್ಕೆ ಬಲೆ ಕಟ್ಟಿಸ್ತಾರೆ. ಆಮೇಲೆ ನನ್ನ ಬಕೆಟ್ಟಿಗೆ ಯಾರು ಹಾಕ್ತಾರೆ?”

ನನ್ನ ಬಳಿ ಉತ್ತರವಿರಲಿಲ್ಲ. ಪುರಾವೆಗೆ ಅಂತ ಒಯ್ದಿದ್ದ ಚೆಂಡು ಕೈಯಲ್ಲೇ ಇತ್ತು. ಅವನು ಅದನ್ನು ಇಸಕೊಂಡ, ಬೆಳಕಿಗೆ ಹಿಡಿದ, ಉಗುರಿನಿಂದ ಕೆಂಪು ಚುಕ್ಕಿ ಕೆರೆದು ನೋಡಿದ.

“ಒಳ್ಳೇ ಮಾಲು ಸಾರ್, ಹೊಸದು. ನಲವತ್ತು ಕೊಡ್ತೀನಿ, ಬಿಟ್ಟೋಗ್ತೀರಾ?”