ಈ ಸಲವೂ ಬರೀ ರಾಜರೇ!

ಎಲೆ ಹಂಚಿ ಮುಗಿದಿರುವುದಿಲ್ಲ, ಭಾವನವರ ನರಳಾಟ ಶುರು. “ಅಯ್ಯೋ ಶಿವನೇ, ಬರೀ ರಾಜ, ರಾಣಿ, ಗುಲಾಮ! ಇದೇನು ಕೈಯೋ, ಮೈಸೂರು ದರ್ಬಾರೋ?” ಏಳು ಎಲೆಗಳಲ್ಲಿ ನಾಲ್ಕನ್ನು ಅವರಿನ್ನೂ ಎತ್ತಿಯೇ ಇರುವುದಿಲ್ಲ. ಇಂಥವರೊಬ್ಬರು ನಿಮ್ಮಲ್ಲೂ ಇದ್ದಾರು. ಅಕ್ಕನ ಗಂಡನಲ್ಲದಿದ್ದರೆ ಚಿಕ್ಕಪ್ಪ, ಅದೂ ಅಲ್ಲದಿದ್ದರೆ ಆಫೀಸಿನವರ ಟ್ರಿಪ್ಪಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದ ಮಹಾನುಭಾವ.

ಹಬ್ಬಕ್ಕೆ ಸೇರಿದಾಗ ನಾವು ಆಡುವುದು ಲೀಸ್ಟ್ ಕೌಂಟ್. ಎಕ್ಕಕ್ಕೆ ಒಂದು, ಜೋಕರಿಗೆ ಸೊನ್ನೆ, ರಾಜ-ರಾಣಿಯರಿಗೆ ಮನೆಗೊಂದು ಲೆಕ್ಕ. ದೊಡ್ಡ ಎಲೆ ಬಿಸಾಡುತ್ತ, ಸಣ್ಣದಕ್ಕೆ ಕಾಯುತ್ತ, ಕೈಯಲ್ಲಿರುವ ಮೊತ್ತ ಎಲ್ಲರಿಗಿಂತ ಕಡಿಮೆ ಅನ್ನಿಸಿದಾಗ “ಶೋ” ಅನ್ನಬೇಕು. ಬೇರೆ ಯಾರದ್ದಾದರೂ ಅದಕ್ಕಿಂತ ಕಡಿಮೆ ಬಂತೋ, ದಂಡ ಶೋ ಅಂದವರಿಗೇ. ಹಾಗಾಗಿ ಐದು ಹಿಡಿದವರು ಐವತ್ತು ಹಿಡಿದವರಂತೆ ಕಾಣಬೇಕು.

ಭಾವ ಕಾಣಿಸುತ್ತಾರೆ, ಆದರೆ ಅಳತೆ ಮೀರಿ. ಕೈ ಚೆನ್ನಾಗಿದ್ದರೆ ಜೋರು ಗೋಳು, ಸುಮಾರಾಗಿದ್ದರೆ ಸುಮಾರು ಗೋಳು. ನಿಜಕ್ಕೂ ಕೆಟ್ಟಿದ್ದರೆ ಮಾತ್ರ ಪರಮ ಶಾಂತರು, ಚಕ್ಕುಲಿ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು “ಈ ಫ್ಯಾನು ಹೊಸದಾ? ಎಷ್ಟು ಕೊಟ್ರಿ?” ಅಂತ ವಿಚಾರಿಸುತ್ತಾರೆ. ಫ್ಯಾನಿನ ಮಾತು ಬಂದ ಕೂಡಲೇ ಮಕ್ಕಳು ಧೈರ್ಯವಾಗಿ ಶೋ ಅನ್ನುತ್ತವೆ. ಮನೆಯವರಿಗೆಲ್ಲ ಗೊತ್ತಿರುವ ಈ ಗುಟ್ಟು ಅವರೊಬ್ಬರಿಗೆ ಗೊತ್ತಿಲ್ಲ. ಹೇಳುವ ಮನಸ್ಸು ಯಾರಿಗೂ ಇಲ್ಲ. ಹೇಳಿಬಿಟ್ಟರೆ ನಾವು ಗೆಲ್ಲುವುದು ಹೇಗೆ?

“ಹಬ್ಬದ ದಿನ ಏನಿದು ಜೂಜು?” ಅಂತ ಅಮ್ಮ ಒಮ್ಮೆ ಗೊಣಗಿದಾಗ ಭಾವ ನೆಟ್ಟಗೆ ಕೂತರು. “ಅತ್ತೆ, ರಮ್ಮಿ ಕೌಶಲದ ಆಟ ಅಂತ 1967ರಲ್ಲೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಇದೂ ಅದರ ತಂಗಿಯೇ.”

“ಕೋರ್ಟಿನವರು ನಿಮ್ಮ ಆಟ ನೋಡಿಲ್ಲ ಬಿಡಿ,” ಅಂದರು ಅಮ್ಮ.

ಕಳೆದ ದೀಪಾವಳಿಗೆ ನನ್ನ ಮಗ ಕ್ಯಾಬೋ ಅನ್ನುವ ಆಟ ತಂದ. ಅಮೆರಿಕದಿಂದ 2010ರಲ್ಲಿ ಬಂದದ್ದು; ಎಲೆಗಳ ಮೇಲೆ ರಾಜನೂ ಇಲ್ಲ, ಆಟೀನೂ ಇಲ್ಲ, ಬರೀ 0ಯಿಂದ 13ರವರೆಗಿನ ಅಂಕಿ. ಇಲ್ಲೂ ಕಡಿಮೆ ಇದ್ದವರೇ ಗೆದ್ದ ಹಾಗೆ. ಆದರೆ ನಾಲ್ಕು ಎಲೆಗಳನ್ನು ಎದುರಿಗೆ ಬೋರಲಾಗಿ ಇಟ್ಟುಕೊಳ್ಳಬೇಕು, ಮೊದಲಿಗೆ ಎರಡನ್ನು ಮಾತ್ರ ಇಣುಕಬೇಕು. ಉಳಿದೆರಡು ಏನೆಂದು ಇಟ್ಟುಕೊಂಡವರಿಗೂ ತಿಳಿಯದು. ಕಟ್ಟಿನಿಂದ 7 ಅಥವಾ 8 ಎತ್ತಿ ಬಿಸಾಡಿದರೆ ತಮ್ಮದೊಂದನ್ನು ನೋಡಬಹುದು. 9, 10 ಆದರೆ ಬೇರೊಬ್ಬರದ್ದು. 11, 12 ಆದರೆ ಇನ್ನೊಬ್ಬರೊಂದಿಗೆ ಅದಲುಬದಲು.

ತನ್ನ ಎಲೆ ತನಗೇ ಕಾಣದ ಆಟದಲ್ಲಿ ಭಾವ ಬಾಯಿ ಮುಚ್ಚಿಕೊಂಡಾರು ಅಂದುಕೊಂಡಿದ್ದೆವು. ಎಲ್ಲಿಯ ಮಾತು! ಇಣುಕಿದ ಎರಡಕ್ಕೆ ಒಂದಿಷ್ಟು ಅತ್ತು, ಬಲತುದಿಯ ಎಲೆ ಮೇಲೆ ಬೆರಳಿಟ್ಟು ಮನೆಯೇ ಅದುರುವಂತೆ ಗೋಳಿಟ್ಟರು. “ಇದು 13! ಖಂಡಿತ 13! ನನ್ನ ಹಣೆಬರಹ!”

“ಮಾವ, ಅದನ್ನ ನೀವು ನೋಡೇ ಇಲ್ವಲ್ಲ?” ಅಂದ ಮಗ.

“ನೋಡಬೇಕೇನೋ? ನಂಗೆ ಬರೋದೇ ಅದು.”

ಅಕ್ಕ ಮಾತಾಡಲಿಲ್ಲ. ಮದುವೆಯಾದಾಗಿನಿಂದ ಆ ಗೋಳಿನ ಸ್ಥಾಯಿ ಕೇಳಿ ಪಳಗಿದ ಕಿವಿ ಅವಳದು. ಇಷ್ಟು ಏರಿದೆ ಅಂದರೆ ಅಲ್ಲಿರುವುದು ಸೊನ್ನೆಯೇ, ಹೇಗೋ ಕದ್ದು ನೋಡಿದ್ದಾರೆ ಅಂತ ಲೆಕ್ಕ ಹಾಕಿದಳು. ಅವಳ ಸರದಿಗೆ 12 ಬಂತು. ಬಿಸಾಡಿದವಳೇ ಕೈ ಚಾಚಿ ಗಂಡನ ಬಲತುದಿಯ ಎಲೆ ಎಳೆದುಕೊಂಡು, ತನ್ನದೊಂದನ್ನು ಅಲ್ಲಿಗೆ ತಳ್ಳಿದಳು. ಮುಂದಿನ ಸುತ್ತಿನಲ್ಲಿ ನೆಮ್ಮದಿಯಾಗಿ “ಕ್ಯಾಬೋ” ಅಂದಳು.

ಎಲ್ಲರೂ ಎಲೆ ಮಗುಚಿದೆವು. ಅಕ್ಕನ ಎದುರಿಗೆ ಸಾಕ್ಷಾತ್ 13. ಅವಳು ಕೊಟ್ಟ 2 ಭಾವನ ಬಳಿ.

ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ಭಾವನೇ. ಆದರೂ ತಕ್ಷಣ ಸುಧಾರಿಸಿಕೊಂಡು, ಚಕ್ಕುಲಿ ಮುರಿಯುತ್ತ, “ನಾನು ಬಾಯಿ ಬಿಟ್ಟು ಹೇಳಿದ್ನೋ ಇಲ್ವೋ?” ಅಂದರು.

“ಹೇಳಿದ್ರಿ ರೀ,” ಅಂದಳು ಅಕ್ಕ, ದಂಡದ ಅಂಕ ಬರೆದುಕೊಳ್ಳುತ್ತ. “ಎಲೆ ಕಲಸಿ. ಆಮೇಲೆ ಕಾಫಿ ಲೋಟಗಳನ್ನೂ ನೀವೇ ತೊಳೀರಿ.”