ಕೀಬೋರ್ಡ್ ಕಾಕಾ

ಕಾಚಿಗುಡದ ನಮ್ಮ ಓಣಿಯಲ್ಲಿ ಬೀದರ ಕಡೆಯ ಒಬ್ಬ ಕಾಕಾ ಇದ್ದಾರೆ. ಹೆಸರು ಬೇಡ. ಆರ್ಕೆಸ್ಟ್ರಾ ಇರುವ ಊರಲ್ಲೆಲ್ಲ ಇಂಥವರೊಬ್ಬರು ಇದ್ದೇ ಇರುತ್ತಾರೆ. ವಾರವಿಡೀ ಆಫೀಸಿನ ಲೆಕ್ಕ, ಶನಿವಾರ ಸಂಜೆಯಾದರೆ ಫಂಕ್ಷನ್ ಹಾಲು. ಕಾಕು ಉಟ್ಟುಬಿಟ್ಟ ಇಳಕಲ್ ಸೀರೆಯ ಅರ್ಧವನ್ನು ಹೊದ್ದು ಅವರ ಪಡಸಾಲೆಯಲ್ಲಿ ಮಲಗಿರುವುದು ಕೊರ್ಗ್ ಟ್ರೈಟನ್, 1999ರ ಮಾಡೆಲ್. ಅದನ್ನು ಕೊಟ್ಟು ಹೊಸದು ತರಬೇಕೋ ಬೇಡವೋ ಎಂದು ಕಾಕಾ 2011ರಿಂದ ಯೋಚಿಸುತ್ತಿದ್ದಾರೆ.

ಟ್ರೈಟನ್ನಿಗೆ ವಯಸ್ಸಾಗಿದೆ, ಸುಳ್ಳಲ್ಲ. ಪರದೆಯ ಹಿಂದಿನ ಬೆಳಕು ಕಂದಿಹೋಗಿದೆ. ಹಾಡಿನ ನಂಬರು ಓದಲು ಮೊಬೈಲ್ ಟಾರ್ಚ್ ಬೇಕು, ಟಾರ್ಚ್ ಹಿಡಿಯಲು ನಾನು ಬೇಕು. ವಾದ್ಯವೃಂದದಲ್ಲಿ ನನ್ನ ಸ್ಥಾನ ಅಷ್ಟೇ. ಇನ್ನೊಂದು ತೊಂದರೆ ಎಂದರೆ, ಆಫ್ ಮಾಡಿದ ಕೂಡಲೇ ಅದು ತನ್ನಲ್ಲಿ ತುಂಬಿಸಿದ ಹಾಡುಗಳನ್ನೆಲ್ಲ ಮರೆತುಬಿಡುತ್ತದೆ. ಮತ್ತೆ ಫ್ಲಾಪಿಯಿಂದಲೇ ಉಣಿಸಬೇಕು. ಆ ಫ್ಲಾಪಿಗಳನ್ನು ಕಾಕಾ ಉಸ್ಮಾನಿಯಾ ಬಿಸ್ಕೀಟಿನ ಡಬ್ಬಿಗಳಲ್ಲಿ ಜೋಡಿಸಿಟ್ಟಿದ್ದಾರೆ: 'ಗಣಪತಿ', 'ಬೋನಾಲು', 'ರಾಜನ್–ನಾಗೇಂದ್ರ', 'ಮಾರ್ಫಾ'. ಮಾರ್ಫಾ ಎಂದರೆ ಹೈದರಾಬಾದಿನ ಬಾರಾತುಗಳಲ್ಲಿ ಸಿದ್ದಿಗಳು ಬಾರಿಸುವ ಆ ಮೈ ಕುಣಿಸುವ ತಾಳ. ಯಾವುದೋ ಮೆರವಣಿಗೆಯಲ್ಲಿ ಮೈಕ್ ಹಿಡಿದು ಓಡಿ ಕಾಕಾ ಅದನ್ನು ಸ್ಯಾಂಪಲ್ ಮಾಡಿಕೊಂಡಿದ್ದರು. 1.44 ಎಂಬಿ ಫ್ಲಾಪಿಯಲ್ಲಿ ಅದು ಹಿಡಿಸಿದ್ದು 15 ಸೆಕೆಂಡ್, ಅದೂ ಮೊನೊದಲ್ಲಿ. ಆ 15 ಸೆಕೆಂಡನ್ನೇ ತಿರುಗಿಸಿ ತಿರುಗಿಸಿ ಎಷ್ಟು ಮದುಮಕ್ಕಳನ್ನು ಮಂಟಪಕ್ಕೆ ಮುಟ್ಟಿಸಿದ್ದಾರೋ!

ಸೋನಿ ಕಂಪನಿ ಜಪಾನಿನಲ್ಲಿ ಫ್ಲಾಪಿ ಮಾರುವುದನ್ನು ನಿಲ್ಲಿಸಿದ್ದು 2011ರಲ್ಲಿ. ಕಾಕಾಗೆ ಚಿಂತೆ ಹತ್ತಿದ್ದೂ ಆಗಲೇ. ಅದೇ ವರ್ಷ ಕೊರ್ಗ್‌ನವರ ಕ್ರೋನೋಸ್ ಬಂತು, ಒಂಬತ್ತು ಬಗೆಯ ಸೌಂಡ್ ಎಂಜಿನ್ನುಗಳ ದೈತ್ಯ. ಕಾಕಾ ಮೂರು ತಿಂಗಳು ಅದನ್ನು ಓದಿದರು. ಕಡೆಗೆ ತೀರ್ಪು ಬಂತು: "ಆನ್ ಮಾಡಿದ್ರ ಎಚ್ಚರಾಗ್ಲಾಕ ಎರಡು ನಿಮಿಷದ ಮ್ಯಾಲ ಬೇಕಂತ. ಕರೆಂಟ್ ಹೋಗಿ ಜನರೇಟರ್ ಬಂತು ಅನ್ನು. ಅಲ್ಲೀತನಕ ಮದುಮಗ ಹಾರ ಹಿಡ್ಕೊಂಡು ನಿಂದರ್ಬೇಕೇನು?" ಟ್ರೈಟನ್ನಿಗೆ ಫ್ಲಾಪಿ ಉಣಿಸಲು ಎಷ್ಟು ಹೊತ್ತು ಎಂದು ನಾನು ಕೇಳಲಿಲ್ಲ. ಟಾರ್ಚ್ ಹಿಡಿಯುವವನಿಗೆ ಅಂಥ ಅಧಿಕಾರ ಇರುವುದಿಲ್ಲ.

2016ರಲ್ಲಿ ಯಮಾಹಾ ಮೊಂಟಾಜ್ ಬಂತು. "ಹಳೇ ಮೋಟಿಫ್‌ನಾಗಿದ್ದ ಪೂರಾ ಸೀಕ್ವೆನ್ಸರ್ ತಗದು ಸಾದಾ ರೆಕಾರ್ಡರ್ ಇಟ್ಟಾರ. ಮತ್ತ, ಸ್ವರ ಜಾರಿಸ್ಲಾಕ ಚಕ್ರ! ನನ್ನ ಹೆಬ್ಬೆರಳಿಗಿ ಜಾಯ್‌ಸ್ಟಿಕ್ ರೂಢಿ ಅದ. ಚಕ್ರದ ಮ್ಯಾಲ ಶಹನಾಯಿ ಮೀಂಡ್ ತಗದ್ರ ಅದು ಶಹನಾಯಿ ಅಲ್ಲ, ಸೈಕಲ್ ಪಂಕ್ಚರ್."

2020ರಲ್ಲಿ ಕೊರ್ಗ್ ನಾಟಿಲಸ್ ಬಂದಾಗ ಮಾತ್ರ ನಾವೆಲ್ಲ ಈ ಸಲ ಖಾತ್ರಿ ಎಂದುಕೊಂಡೆವು. ಜಾಯ್‌ಸ್ಟಿಕ್ ಇತ್ತು, ಸೀಕ್ವೆನ್ಸರ್ ಇತ್ತು. ಕಾಕಾ ಕನ್ನಡಕ ಏರಿಸಿ ಹುಡುಕಿ ಹುಡುಕಿ ಒಂದು ಕೊರತೆ ಹಿಡಿದರು: ಆಫ್ಟರ್‌ಟಚ್ ಇಲ್ಲ! ಕೀಲಿ ಒತ್ತಿದ ಮೇಲೆ ಇನ್ನಷ್ಟು ಅದುಮಿದರೆ ಸ್ವರ ನಡುಗುತ್ತದಲ್ಲ, ಅದು. ಹಳೆಯ ಟ್ರೈಟನ್ನಿನಲ್ಲಿ ಅದುಂಟು. "ಇಪ್ಪತ್ತು ವರ್ಷ ಆದಮ್ಯಾಲ ಇದ್ದದ್ದೂ ತಗೀತಾರಂದ್ರ!" ಎಂದು ಹೇಳುವಾಗ ಅವರ ಮುಖದಲ್ಲಿ ನಾನು ಕಂಡದ್ದು ದುಃಖವಲ್ಲ, ಪರಮಾನಂದ.

ಕಂಪನಿಯವರು ಎಲ್ಲೋ ಕೂತು ಇದನ್ನು ಕೇಳಿಸಿಕೊಂಡರೋ ಏನೋ, 2023ರಲ್ಲಿ ಆಫ್ಟರ್‌ಟಚ್ ಸೇರಿಸಿದ ನಾಟಿಲಸ್ಸನ್ನೇ ಬಿಟ್ಟರು. ಸುದ್ದಿ ಮುಟ್ಟಿಸಿದವನು ನಾನೇ. ಕಾಕಾ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಅವರೇ ಕರೆದು ಚಹಾ ಕೊಟ್ಟು ಹೇಳಿದರು: "ಫೋಟೋ ನೋಡ್ದೆ. ಕಪ್ಪು. ಲಗ್ನದ ಸ್ಟೇಜ್ ಮ್ಯಾಲ ಕಪ್ಪು ಯಾರ್ ಇಡ್ತಾರ?"

ಕಾಕು ಒಳಗಿನಿಂದಲೇ ಅಂದರು: "ನನ್ನ ನೋಡ್ಲಾಕ ಬಂದಾಗ ಉಪ್ಪಿಟ್ಟು ತಿಂದು ಮುಗಸೂದ್ರಾಗ ಹೂಂ ಅಂದಿದ್ರು ಇವರು. ಆಗ ಇಷ್ಟು ವಿಚಾರ ಮಾಡಿದ್ರ ಇಬ್ಬರೂ ಪಾರಾಗ್ತಿದ್ವಿ."

ಮಾದಾಪುರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಳಿಯ ಒಮ್ಮೆ ಲ್ಯಾಪ್‌ಟಾಪ್ ತಂದ. ಕೊರ್ಗ್‌ನವರೇ 2019ರಲ್ಲಿ ಟ್ರೈಟನ್ನನ್ನು ಸಾಫ್ಟ್‌ವೇರ್ ರೂಪದಲ್ಲಿ ತಂದಿದ್ದಾರೆ, ಆ ಧ್ವನಿಗಳೆಲ್ಲ ಇದರಲ್ಲೇ ಬರುತ್ತವೆ ಎಂದ. ಕಾಕಾ ಕಣ್ಣು ಮುಚ್ಚಿ ಕೇಳಿದರು. "ಧ್ವನಿ ಅದೇ ಅದ," ಎಂದು ಒಪ್ಪಿಕೊಂಡರು. ಆಮೇಲೆ, "ಆದ್ರ ಇದರ ಮ್ಯಾಲ ಬಿರಿಯಾನಿ ತಾಟ ಇಡ್ಲಾಕ ಬರ್ತದೇನು?" ಎಂದರು. ಫ್ಲಾಪಿ ಡ್ರೈವಿನ ಜಾಗದಲ್ಲಿ ಪೆನ್‌ಡ್ರೈವ್ ಕೂರಿಸುವ ಸಣ್ಣ ಡಬ್ಬಿಯೂ ಸಿಗುತ್ತದೆ, ಕಾಕಾಗೆ ಅದೂ ಗೊತ್ತು. ಹಾಕಿಸಿದರೆ ಸಮಸ್ಯೆಯೇ ಮುಗಿದುಹೋಗುತ್ತದಲ್ಲ! ಮತ್ತೆ ಭಾನುವಾರ ಎರ್ರಗಡ್ಡದ ಸಂತೆಗೆ ಫ್ಲಾಪಿ ಹುಡುಕಲು ಹೋಗುವುದು ಹೇಗೆ, ಕೋಠಿಯ ಗುಜರಾತಿ ಗಲ್ಲಿಯಲ್ಲಿ ಬಿಡಿಭಾಗ ಕೇಳುತ್ತ ಸುತ್ತುವುದು ಹೇಗೆ?

ಒಮ್ಮೆ ಮಾತ್ರ ಧೈರ್ಯ ಮಾಡಿ ಟ್ರೈಟನ್ನನ್ನು ಆಟೋದಲ್ಲಿ ಹಾಕಿಕೊಂಡು ಒಂದು ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಒಂದೇ ಬೆರಳಿನಿಂದ ಒಂದೇ ಕೀಲಿ ಒತ್ತಿ ಒಂದು ಬೆಲೆ ಹೇಳಿದ. ಅದನ್ನು ಇಲ್ಲಿ ಬರೆದರೆ ಟಾರ್ಚಿನ ಕೆಲಸವೂ ಹೋಗುತ್ತದೆ. "ಸಾಲಾರ್ ಜಂಗ್ ಮ್ಯೂಸಿಯಂನವರನ್ನ ಕೇಳಿ ಚಾಚಾ," ಎಂದ ದಖನಿಯಲ್ಲಿ. ಕಾಕಾ ಸೀರೆ ಹೊದಿಸುತ್ತ ಹೇಳಿದರು, ಅವನಿಗಲ್ಲ, ನನಗೆ: "ಸಾಲಾರ್ ಜಂಗಿನ ಗಡಿಯಾರದಾಗಿನ ಗೊಂಬಿ ಇನ್ನೂ ತಾಸಿಗೊಮ್ಮೆ ಹೊರಗ ಬಂದು ಗಂಟಿ ಹೊಡೀತದ. ಜನ ಅದರ ಮುಂದ ನಿಂತು ಕಾಯ್ತಾರ."

ಬರುವ ನವೆಂಬರಿನಲ್ಲಿ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ರಾಜ್ಯೋತ್ಸವಕ್ಕೆ ನುಡಿಸುವ ಆಸೆ ಕಾಕಾಗಿದೆ. 'ರಾಜನ್–ನಾಗೇಂದ್ರ' ಡಬ್ಬಿಯ ಎರಡು ಫ್ಲಾಪಿಗಳು ಕೈಕೊಟ್ಟಿವೆ. ಓದುಗರಲ್ಲಿ ಯಾರ ಅಟ್ಟದ ಮೇಲಾದರೂ 1.44 ಎಂಬಿಯ ಹಳೇ ಫ್ಲಾಪಿ ಬಿದ್ದಿದ್ದರೆ ದಯವಿಟ್ಟು ಎಸೆಯಬೇಡಿ, ನಮ್ಮ ಓಣಿಗೆ ಕಳಿಸಿಕೊಡಿ.